ಕೋಲಾರದ ಗಸಗಸೆಯೂ ಹೆಲ್ಮಂದದ ಅಹಿಫೇನವೂ

ಹಬ್ಬದ ದಿನ ಗಸಗಸೆಯ ಪಾಯಸವನ್ನುಂಡು ಮಧ್ಯಾಹ್ನ ಸುಖನಿದ್ರೆ ಮಾಡದವರು ನಮ್ಮಲ್ಲಿ ವಿರಳ. ಆ ಬೀಜವನ್ನು ಹೊತ್ತ ಕಾಯಿಯು ಹಸಿಯಾಗಿರುವಾಗ ಅದನ್ನು ಗೀರಿದರೆ ಒಸರುವ ಹಾಲೇ ಅಫೀಮು ಎಂಬುದನ್ನು ಮಾತ್ರ ನಾವು ನೆನೆಯುವುದಿಲ್ಲ. ಚರಕ ಸುಶ್ರುತರು ಈ ಪದಾರ್ಥವನ್ನು ಹೇಳಿಲ್ಲ. ಶಾರ್ಙ್ಗಧರನ ಕಾಲಕ್ಕೆ ಅದು ‘ಅಹಿಫೇನ’ವೆಂಬ ಹೆಸರಿನಿಂದ ವೈದ್ಯಗ್ರಂಥವನ್ನು ಸೇರಿತು. ಯವನರ ಶಬ್ದವೊಂದು ಅರಬರ ಬಾಯಲ್ಲಿ ‘ಅಫ್ಯೂನ್’ ಆಗಿ, ನಮ್ಮ ಪಂಡಿತರ ಬಾಯಲ್ಲಿ ಹಾವಿನ ನೊರೆಯಾಯಿತು. ವ್ಯುತ್ಪತ್ತಿಗೆ ಒಪ್ಪದಿದ್ದರೂ ಅರ್ಥಕ್ಕೆ ಒಪ್ಪುವ ಹೆಸರೇ ಸರಿ.

ಈ ಬೆಳೆಯು ನಮ್ಮ ಸೀಮೆಗೆ ಅಪರಿಚಿತವಾಗಿರಲಿಲ್ಲ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಕುಂಪಣಿಯವರ ಆಜ್ಞೆಯಂತೆ ದೇಶಸಂಚಾರ ಮಾಡುತ್ತ ಬಂದ ಡಾಕ್ಟರ್ ಫ್ರಾನ್ಸಿಸ್ ಬುಕಾನನನು ಕೋಲಾರದಲ್ಲಿ ಗಸಗಸೆಯನ್ನು ಬೀಜಕ್ಕಾಗಿಯೂ ಅಫೀಮಿಗಾಗಿಯೂ ಬೆಳೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮುಂದೆ ಸರ್ಕಾರದ ನಿಷೇಧದಿಂದ ಅದು ಮೈಸೂರು ಸೀಮೆಯಲ್ಲಿ ಮರೆಯಾಯಿತು. ಇಂದು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ವೃದ್ಧರಲ್ಲಿಯೂ ಅದರ ಸುದ್ದಿಯನ್ನು ಹೇಳಬಲ್ಲವರನ್ನು ನಾನು ಕಾಣೆನು. ಬೆದ್ದಲಿನಲ್ಲಿ ರಾಗಿ, ಕೆರೆಯ ಕೆಳಗೆ ಬತ್ತ ಕಬ್ಬು, ಬಾವಿಯ ಬಳಿ ಹಿಪ್ಪುನೇರಳೆ ಇದ್ದ ನಾಡಿನಲ್ಲಿ ಗಸಗಸೆಯು ಹತ್ತರಲ್ಲಿ ಒಂದಾಗಿದ್ದಿತು; ಆದಕಾರಣವೇ ಅದು ಹೋದದ್ದು ಯಾರಿಗೂ ತಿಳಿಯಲಿಲ್ಲವೆಂದು ನನ್ನ ಊಹೆ.

ಬೇರೆಡೆಗಳಲ್ಲಿ ನಿಷೇಧವು ಹೀಗೆ ನಿಶ್ಶಬ್ದವಾಗಿ ನಡೆಯಲಿಲ್ಲ. ಬಿಹಾರ ಬನಾರಸಗಳ ಅಫೀಮನ್ನು ಚೀನಾದಲ್ಲಿ ಮಾರುವುದಕ್ಕಾಗಿ ಆಂಗ್ಲರು ಎರಡು ಯುದ್ಧಗಳನ್ನೇ ಮಾಡಿದರು. ಆ ಪಾಪವನ್ನು ತೊಳೆಯಲೆಂಬಂತೆ 1909ರಲ್ಲಿ ಷಾಂಘಾಯಿಯಲ್ಲಿ ಹಲವು ರಾಷ್ಟ್ರಗಳು ಸಭೆ ಸೇರಿ, 1912ರಲ್ಲಿ ಹೇಗ್ ನಗರದ ಒಡಂಬಡಿಕೆಯಾಗಿ, 1961ರಲ್ಲಿ ವಿಶ್ವಸಂಸ್ಥೆಯ ಏಕೀಕೃತ ಒಪ್ಪಂದವಾಯಿತು. ನಮ್ಮ ದೇಶದಲ್ಲಿ ಈಗ ಔಷಧಕ್ಕಾಗಿ, ಸರ್ಕಾರದ ಪರವಾನಗಿಯಿಂದ, ಮಧ್ಯಪ್ರದೇಶ ರಾಜಸ್ಥಾನ ಉತ್ತರಪ್ರದೇಶಗಳಲ್ಲಿ ಮಾತ್ರ ಇದನ್ನು ಬೆಳೆಯುತ್ತಾರೆ.

ಇನ್ನು ಆಫ್ಘಾನಿಸ್ತಾನದ ಮಾತು. ಅಲ್ಲಿಯ ಹೆಲ್ಮಂದ್ ನದಿಯ ಪ್ರಾಚೀನ ನಾಮವು ಅವೆಸ್ತಾದಲ್ಲಿ ‘ಹಏತುಮಂತ್’ ಎಂದಿದೆ. ಸಂಸ್ಕೃತದಲ್ಲಿ ಹೇಳುವುದಾದರೆ ‘ಸೇತುಮತ್’, ಕಟ್ಟೆಗಳುಳ್ಳದ್ದು. ಹೆಸರಿಗೆ ತಕ್ಕಂತೆ ಅಮೆರಿಕದ ಎಂಜಿನಿಯರುಗಳು 1953ರಲ್ಲಿ ಕಾಜಕಿ ಎಂಬಲ್ಲಿ ಅಣೆಕಟ್ಟನ್ನು ಮುಗಿಸಿ, ಬಯಲಿಗೆ ಕಾಲುವೆಗಳನ್ನು ತೋಡಿದರು. ಗೋಧಿಗೂ ಹತ್ತಿಗೂ ಎಂದು ತಂದ ಆ ನೀರು, 1979ರ ಬಳಿಕ ಯುದ್ಧದ ಮೇಲೆ ಯುದ್ಧವು ಬಂದಾಗ, ಗಸಗಸೆಗೆ ಹರಿಯಿತು. 2007ರಲ್ಲಿ ಆ ದೇಶದ ಗಸಗಸೆಯಲ್ಲಿ ಅರ್ಧಕ್ಕೂ ಮಿಗಿಲಾದದ್ದು ಈ ಒಂದು ಪ್ರಾಂತದ್ದಾಗಿತ್ತು.

ರೈತನು ದುಷ್ಟನಾದದ್ದರಿಂದ ಹೀಗಾಯಿತೆಂದು ಹೇಳುವುದು ಸುಲಭ. ನಮ್ಮ ಟೊಮೆಟೊ ಬೆಳೆಗಾರನನ್ನು ನೆನೆದು ನೋಡಿರಿ: ಕೋಲಾರದ ಮಂಡಿಯಲ್ಲಿ ದರ ಬಿದ್ದ ದಿನ ಹಣ್ಣನ್ನು ರಸ್ತೆಗೆ ಸುರಿದು ಬರಿಗೈಯಲ್ಲಿ ಹಿಂದಿರುಗುತ್ತಾನೆ. ಅಫೀಮು ಕೆಡುವುದಿಲ್ಲ, ವರ್ಷಗಟ್ಟಲೆ ಮನೆಯಲ್ಲಿರುತ್ತದೆ. ರಸ್ತೆಯಲ್ಲಿ ಗುಂಡು ಹಾರುತ್ತಿದ್ದರೂ ವ್ಯಾಪಾರಿಯು ಬಾಗಿಲಿಗೇ ಬರುತ್ತಾನೆ. ‘ಸಲಾಂ’ ಎಂಬ ಪದ್ಧತಿಯಂತೆ ಬೆಳೆಗೆ ಮೊದಲೇ ಮುಂಗಡವನ್ನೂ ಕೊಡುತ್ತಾನೆ. ಗೇಣಿಗೆ ನೆಲ ಸಿಕ್ಕುವುದೂ ಎಷ್ಟೋ ಕಡೆ ಈ ಬೆಳೆಯನ್ನು ಬಲ್ಲವನಿಗೇ. ಗದ್ದೆಯನ್ನು ಉತ್ತು ಹಾಳುಮಾಡಿದವರು ಆ ಮುಂಗಡದ ಸಾಲವನ್ನು ತೀರಿಸಲಿಲ್ಲ.

2002ರಿಂದ 2017ರ ವರೆಗೆ ಅಮೆರಿಕವೊಂದೇ ಮಾದಕದ್ರವ್ಯ ನಿಗ್ರಹಕ್ಕೆ ಅಲ್ಲಿ ಸುಮಾರು 860 ಕೋಟಿ ಡಾಲರುಗಳನ್ನು ವ್ಯಯಮಾಡಿತು. ಆ 2017ರಲ್ಲಿಯೇ ಬೆಳೆಯು 3,28,000 ಹೆಕ್ಟೇರಿಗೇರಿತು! ಹೆಲ್ಮಂದದ ಕಾಲುವೆಯ ಪ್ರದೇಶದಲ್ಲಿ ಗೋಧಿಯ ಬಿತ್ತನೆಯನ್ನೂ ಗೊಬ್ಬರವನ್ನೂ ಹಂಚಿದಾಗ, ನೆಲವಿಲ್ಲದವರು ಕಾಲುವೆಯಾಚೆಯ ಮರುಭೂಮಿಗೆ ಹೋಗಿ ಕೊಳವೆಬಾವಿ ತೋಡಿ, ಸೂರ್ಯಶಕ್ತಿಯ ಪಂಪುಗಳನ್ನಿಟ್ಟು, ಅಲ್ಲಿ ಗಸಗಸೆಯನ್ನೇ ಬಿತ್ತಿದರು. ಅಂತರ್ಜಲವು ವರ್ಷವರ್ಷಕ್ಕೂ ಕೆಳಗಿಳಿಯಿತು. ಈ ಕಥೆಯನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾದುದಿಲ್ಲ.

2022ರ ಏಪ್ರಿಲಿನಲ್ಲಿ ತಾಲಿಬಾನರು ಬೆಳೆಯನ್ನು ನಿಷೇಧಿಸಿದರು. ವಿಶ್ವಸಂಸ್ಥೆಯ ಲೆಕ್ಕದಂತೆ ಆ ವರ್ಷ 2,33,000 ಹೆಕ್ಟೇರಿದ್ದದ್ದು 2023ರಲ್ಲಿ 10,800ಕ್ಕೆ ಇಳಿಯಿತು. ಹಣದಿಂದ ಆಗದುದು ಆಜ್ಞೆಯಿಂದ ಆಯಿತೆಂದು ಹೊಗಳುವವರು ಇನ್ನೊಂದು ಲೆಕ್ಕವನ್ನೂ ಓದತಕ್ಕದ್ದು: ರೈತರ ಅಫೀಮಿನ ಆದಾಯವು 136 ಕೋಟಿ ಡಾಲರಿನಿಂದ 11 ಕೋಟಿಗೆ ಕುಸಿಯಿತು. ಹಳೆಯ ದಾಸ್ತಾನಿದ್ದ ಸಿರಿವಂತನಿಗೆ ಬೆಲೆಯೇರಿ ಲಾಭವಾಯಿತು; ಕಾಯಿ ಗೀರುವ ಕೂಲಿಯವನಿಗೆ ಏನೂ ಉಳಿಯಲಿಲ್ಲ. 2021ರಲ್ಲಿ ರಾಜ್ಯವು ಕೈಬದಲಾದಂದೇ ಪರದೇಶಗಳ ಅಭಿವೃದ್ಧಿಯ ನೆರವು ಬಹುಮಟ್ಟಿಗೆ ನಿಂತುಹೋಗಿದ್ದಿತು. 2024ರ ಮೇ ತಿಂಗಳಲ್ಲಿ ಬದಖ್‌ಶಾನದ ರೈತರು ಬೆಳೆ ನಾಶವನ್ನು ತಡೆಯಹೋದಾಗ ಜೀವಗಳು ಹೋದವು.

ಪರದೇಶದ ಧನದಿಂದ ಬೆಳೆಯೊಂದು ನಿಲ್ಲುವುದು ಹೇಗೆಂಬುದನ್ನು ನಮ್ಮ ಜಿಲ್ಲೆ ಕಂಡಿದೆ. ಟೀಪು ಸುಲ್ತಾನನ ಕಾಲದಿಂದ ಇದ್ದ ರೇಷ್ಮೆಗೆ 1980ರಲ್ಲಿ ವಿಶ್ವಬ್ಯಾಂಕಿನ ಸಾಲ ಬಂದಾಗ, ಅದು ಕಡ್ಡಿ ಹಂಚಿ ಕೈತೊಳೆದುಕೊಳ್ಳಲಿಲ್ಲ. ಬಿತ್ತನೆ ಕೋಠಿ, ಗೂಡಿನ ಮಾರುಕಟ್ಟೆ, ಹರಾಜು, ನೂಲು ತೆಗೆಯುವವನು, ಇಷ್ಟೂ ಒಂದಕ್ಕೊಂದು ಸೇರಿದ್ದವು. ಆದರೂ ಚೀನಾದ ಅಗ್ಗದ ರೇಷ್ಮೆ ಬಂದ ವರ್ಷಗಳಲ್ಲಿ ಹಿಪ್ಪುನೇರಳೆಯನ್ನು ಕಿತ್ತವರು ನಮ್ಮಲ್ಲಿ ಎಷ್ಟು ಮಂದಿ! ಇಷ್ಟೆಲ್ಲ ಇದ್ದೂ ನಾವು ತತ್ತರಿಸಿದೆವೆಂದರೆ, ಏನೂ ಇಲ್ಲದ ಹೆಲ್ಮಂದದವನಿಗೆ ಗೋಧಿಯ ಚೀಲವೊಂದನ್ನು ಕೊಟ್ಟು ಮನಸ್ಸು ಮಾರ್ಪಡಬೇಕೆಂದು ಬಯಸಿದ್ದು ನನಗೆ ಮೇಷ್ಟರ ಹಳೆಯ ದೋಷದಂತೆಯೇ ತೋರುತ್ತದೆ: ಪಾಠವನ್ನು ಹೇಳದೆ ಪರೀಕ್ಷೆಯನ್ನು ಮಾತ್ರ ನಡೆಸುವುದು.

ಪಶ್ಚಿಮದ ಹೆರಾತಿನಲ್ಲಿ ಹರಿರೂದ್ ನದಿಗೆ ಭಾರತವು ಕಟ್ಟಿಕೊಟ್ಟ ಸಲ್ಮಾ ಅಣೆಕಟ್ಟು 2016ರ ಜೂನಿನಲ್ಲಿ ಲೋಕಾರ್ಪಣವಾಯಿತು. 75,000 ಹೆಕ್ಟೇರಿಗೆ ನೀರುಣಿಸುವುದು ಅದರ ಉದ್ದೇಶ. ಆ ಸೀಮೆಯವರು ಕೇಸರಿಯನ್ನು ಬೆಳೆಯುತ್ತಾರೆ. ಹಿಪ್ಪುನೇರಳೆಯ ಸೊಪ್ಪನ್ನು ಕೊಯ್ದು, ನಮ್ಮವರಂತೆಯೇ, ಮನೆಯೊಳಗೆ ರೇಷ್ಮೆ ಹುಳುಗಳನ್ನೂ ಸಾಕುತ್ತಾರೆ.