ಒಡೆದ ಕಂಪ್ಯೂಟರಿಗೆ ಹೊಣೆ ಯಾರು? - ಬಿಲ್ಟಿಯ ಹಿಂದಿನ ಕಥೆ

ಆಳಂದದ ಕಂಪ್ಯೂಟರೊಂದು ರಿಪೇರಿಗೆ ಹೊರಟರೆ ಅದರ ದಾರಿ ಹೀಗಿರುತ್ತೆ. ಮೊದಲು ಊರಿನ ಅಂಗಡಿ. ಅಲ್ಲಿ ಆಗದಿದ್ರೆ ಲಾರಿ ಪಾರ್ಸಲ್ಲಲ್ಲಿ ಕಲಬುರಗಿ, ಸೊಲ್ಲಾಪುರ, ಕೊನೆಗೆ ಬೆಂಗಳೂರು. ಅಫಜಲಪುರ, ಜೇವರ್ಗಿಗಳದೂ ಅದೇ ಹಣೆಬರಹ. ವಾಪಸ್ ಬಂದಾಗ ಮಾನಿಟರ್ ಒಡೆದಿದ್ರೆ ಅಂಗಡಿಯವರು "ನಾವು ಚೆಂದಾಗೇ ಕಳಿಸೀವ್ರಿ" ಅಂತಾರೆ. ಸರ್ವೀಸ್ ಸೆಂಟರಿನವರು "ಬರುವಾಗಲೇ ಒಡೆದಿತ್ತು" ಅಂತಾರೆ. ಟ್ರಾನ್ಸ್‌ಪೋರ್ಟಿನವರು ಬಿಲ್ಟಿ ಮುಂದಿಟ್ಟು "ಓನರ್ಸ್ ರಿಸ್ಕ್ ಅಂತ ಬರದದ ನೋಡ್ರಿ" ಅಂದ್ಬಿಟ್ರೆ ಮುಗೀತು :)

ಈ ಜಗಳ ಕಂಪ್ಯೂಟರಿಗಿಂತ ಬಹಳ ಹಳೇದು. ಬ್ರಿಟಿಷರು 1865ರಲ್ಲೇ ಇದಕ್ಕೊಂದು ಕ್ಯಾರಿಯರ್ಸ್ ಆ್ಯಕ್ಟ್ ತಂದರು. ಚಿನ್ನ, ಗಡಿಯಾರ, ಗಾಜು, ರೇಷ್ಮೆ, ವೈಜ್ಞಾನಿಕ ಉಪಕರಣಗಳಂಥ ಸಾಮಾನು ನೂರು ರೂಪಾಯಿಗಿಂತ ಹೆಚ್ಚಿನದಾದರೆ ಮೊದಲೇ ಹೇಳಿ ಕೊಡಬೇಕು, ಇಲ್ಲದಿದ್ರೆ ಪರಿಹಾರ ಕೇಳೋದು ಕಷ್ಟ ಅಂತ ಅದರಲ್ಲಿತ್ತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು 9ನೇ ಕಲಂ. ಸಾಮಾನು ಹಾಳಾಯ್ತು ಅಂತ ದಾವೆ ಹಾಕಿದವನು ಸಾಗಣೆದಾರನ ಅಲಕ್ಷ್ಯವನ್ನು ರುಜುವಾತು ಮಾಡಬೇಕಿಲ್ಲ! ಲಾರಿಯೊಳಗೆ ಏನಾಯ್ತು ಅಂತ ಮನೆಯಲ್ಲಿ ಕೂತವನಿಗೆ ಹೇಗೆ ಗೊತ್ತಾಗಬೇಕು? ಗೊತ್ತಿರುವವನೇ ಹೇಳಲಿ ಅನ್ನೋ ಲೆಕ್ಕ.

ಆದರೆ 1872ರ ಕರಾರು ಕಾಯ್ದೆ ಬಂದಾಗ ಗೊಂದಲ ಹುಟ್ಟಿತು. ಇನ್ನೊಬ್ಬರ ವಸ್ತು ಕೈಯಲ್ಲಿದ್ದರೆ, ಸಾಮಾನ್ಯ ವಿವೇಕವುಳ್ಳವನು ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನ ಸಾಕು ಅಂತ ಅದರ 151ನೇ ಕಲಂ. ರಿಪೇರಿ ಅಂಗಡಿಗೆ ಇವತ್ತಿಗೂ ಅನ್ವಯಿಸೋದು ಇದೇ. ಹಾಗಾದರೆ ಸಾಗಣೆದಾರನಿಗೂ ಅಷ್ಟೇ ಸಾಕೇ? ಬರ್ಮಾದಲ್ಲಿ ದೋಣಿ ಸಾಗಣೆಯ ಹತ್ತಿ ಸುಟ್ಟುಹೋದ ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯ್ತು. 1891ರಲ್ಲಿ ಅವರು ಸಾಕಾಗದು ಅಂದರು. ಸಾಗಣೆದಾರ ಒಂಥರಾ ವಿಮೆ ಕೊಟ್ಟವನ ಹಾಗೆ, ದೈವಾಘಾತ, ಶತ್ರುಸೇನೆಯಂಥ ಕಾರಣ ಬಿಟ್ಟರೆ ತಪ್ಪಿಸಿಕೊಳ್ಳುವಂತಿಲ್ಲ.

ಆಗ ನಮ್ಮ ಕಡೆ ನಿಜಾಮರ ಆಳ್ವಿಕೆ. ಬ್ರಿಟಿಷ್ ಇಂಡಿಯಾದ ಕಾಯ್ದೆ ತಾನಾಗಿ ಇಲ್ಲಿಗೆ ಬರ್ತಿರಲಿಲ್ಲ. 1872ರ ಆ ಕರಾರು ಕಾಯ್ದೆ ಹೈದರಾಬಾದ್ ರಾಜ್ಯಕ್ಕೆ ಕಾಲಿಟ್ಟಿದ್ದು 1951ರಲ್ಲಿ!

"ಓನರ್ಸ್ ರಿಸ್ಕ್" ಅನ್ನೋ ಮಂತ್ರಕ್ಕೆ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದ್ದು 2000ದಲ್ಲಿ. ನಾಥ್ ಬ್ರದರ್ಸ್ ಮತ್ತು ಬೆಸ್ಟ್ ರೋಡ್‌ವೇಸ್ ನಡುವಿನ ಕೇಸಿನಲ್ಲಿ, ಹಾಗೆ ಬರೆದಿದ್ದರೂ ಸಾಗಣೆದಾರ ಅಲಕ್ಷ್ಯದ ಹೊಣೆಯಿಂದ ಪಾರಾಗೋದಿಲ್ಲ ಅಂತ ತೀರ್ಪಾಯ್ತು. ಅದೇ ವರ್ಷ ಪಟೇಲ್ ರೋಡ್‌ವೇಸ್ ಗೋದಾಮಿನ ಬೆಂಕಿಯಲ್ಲಿ ಸುಟ್ಟ ಜನರೇಟರುಗಳ ಕೇಸಿನಲ್ಲಿ, 9ನೇ ಕಲಂ ಗ್ರಾಹಕರ ವೇದಿಕೆಗಳಲ್ಲೂ ನಡೆಯುತ್ತೆ ಅಂತ ಹೇಳಿದರು. ಅಂಗಡಿಯವರಿಗೂ ಇದು ಗೊತ್ತಿರಲ್ಲ, ಗಿರಾಕಿಗೂ ಗೊತ್ತಿರಲ್ಲ.

ಹಾಗಂತ ಖುಷಿಪಡುವ ಹಾಗಿಲ್ಲ. 1865ರ ಕಾಯ್ದೆಯನ್ನು ತೆಗೆದುಹಾಕಿದ 2007ರ ರಸ್ತೆ ಸಾಗಣೆ ಕಾಯ್ದೆ ಜಾರಿಯಾಗಿದ್ದು 2011ರಲ್ಲಿ. ಅಲಕ್ಷ್ಯ ರುಜುವಾತು ಮಾಡಬೇಕಿಲ್ಲ ಅನ್ನೋದನ್ನ ಉಳಿಸಿಕೊಂಡ್ರು, ಆದರೆ ದುಡ್ಡಿಗೆ ಮಿತಿ ಹಾಕಿದ್ರು. ಹೆಚ್ಚಿನ ರಿಸ್ಕಿನ ದರ ಕಟ್ಟದಿದ್ರೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತರಷ್ಟು ಮಾತ್ರ. ಮುನ್ನೂರು ರೂಪಾಯಿ ಬಾಡಿಗೆಗೆ ಮೂರು ಸಾವಿರ. ನಲವತ್ತು ಸಾವಿರದ ಕಂಪ್ಯೂಟರಿಗೆ ಇದು ನ್ಯಾಯ ಅಂತ ನನಗೇನೂ ಅನ್ಸಲ್ಲ. ನೋಟಿಸನ್ನೂ ಬುಕ್ ಮಾಡಿದ 180 ದಿನದೊಳಗೆ ಕೊಡಬೇಕು.

ಅಂಚೆ ಪಾರ್ಸಲ್ಲಿನ ಕಥೆ ಬೇರೆ. 1898ರ ಅಂಚೆ ಕಾಯ್ದೆ ಸರ್ಕಾರವನ್ನು ಬಹುಮಟ್ಟಿಗೆ ಹೊಣೆಯಿಂದ ಬಿಡಿಸಿತ್ತು. ಅದರ ಜಾಗಕ್ಕೆ 2024ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ ಆ ರಕ್ಷಣೆ ಇದೆ.

ನಮ್ಮಂಥ ಊರುಗಳಿಗೆ ನಿಜವಾಗಿ ಅನುಕೂಲವಾದ ಬದಲಾವಣೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯದು. 2020ರ ಜುಲೈನಲ್ಲಿ ಜಾರಿಯಾದ ಇದರಲ್ಲಿ, ದೂರು ಕೊಡುವವನು ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಜೇವರ್ಗಿಯವರು ಬೆಂಗಳೂರಿನ ಕಂಪನಿ ಮೇಲೆ ಕಲಬುರಗಿಯಲ್ಲೇ ದೂರು ಕೊಡಬಹುದು. ಆಗ ಮೊದಲು ತೆಗೆಯೋದು ಬಿಲ್ಟಿಯನ್ನೇ. ನಾನು ನೋಡಿದ ಬಿಲ್ಟಿಗಳಲ್ಲಂತೂ ಸಾಮಾನಿನ ಬೆಲೆ ಬರೆಯೋ ಜಾಗ ಹೆಚ್ಚಾಗಿ ಖಾಲಿನೇ ಇತ್ತು.