ಪ್ರೇಮಪತ್ರ ಒಡೆದವರು ಯಾರು?

2000ನೇ ಇಸವಿಯ ಮೇ 4, ಗುರುವಾರ. ಫಿಲಿಪ್ಪೀನ್ಸಿನ ಮನಿಲಾದಿಂದ ಹೊರಟ ಒಂದು ವಿದ್ಯುನ್ಮಾನ ಅಂಚೆ ಹಾಂಗ್‌ಕಾಂಗಿನ ಕಚೇರಿಗಳನ್ನು ಹೊಕ್ಕು, ಯುರೋಪಿನಲ್ಲಿ ನೌಕರರು ಬಂದು ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಅಲ್ಲಿಗೂ ತಲುಪಿತ್ತು. ಅಂಚೆಯ ತಲೆಬರಹ 'ಐ ಲವ್ ಯೂ'. ಒಳಗೆ ಒಂದೇ ಸಾಲು: ಜೊತೆಗಿರುವ ಪ್ರೇಮಪತ್ರವನ್ನು ದಯವಿಟ್ಟು ನೋಡಿ ಎಂಬ ಕೋರಿಕೆ. ಕಳಿಸಿದವರು ಅಪರಿಚಿತರಲ್ಲ, ಪಕ್ಕದ ಮೇಜಿನ ಸಹೋದ್ಯೋಗಿ, ಮೇಲಧಿಕಾರಿ, ಹಳೆಯ ಗೆಳೆಯ. ಕುತೂಹಲ ತಡೆಯಲಾರದೆ ಜನ ಪತ್ರ ಒಡೆದರು. ಒಡೆದ ಮರುಗಳಿಗೆಯಲ್ಲೇ ಆ ಪತ್ರ ಅವರ ವಿಳಾಸಪುಸ್ತಕದಲ್ಲಿದ್ದ ಎಲ್ಲರಿಗೂ ಅವರದೇ ಹೆಸರಿನಲ್ಲಿ ರವಾನೆಯಾಯಿತು. ಕಂಪ್ಯೂಟರಿನಲ್ಲಿದ್ದ ಚಿತ್ರಗಳು ಅಳಿದುಹೋದವು. ಬ್ರಿಟನ್ನಿನ ಸಂಸತ್ತು ತನ್ನ ಅಂಚೆ ವ್ಯವಸ್ಥೆಯನ್ನೇ ಮುಚ್ಚಬೇಕಾಯಿತು. ಅಮೆರಿಕದ ಪೆಂಟಗನ್ ಕೂಡ ಈ ಪ್ರೇಮದಿಂದ ಪಾರಾಗಲಿಲ್ಲ.

ವೈರಸ್ಸಿನ ಹಾವಳಿ ಕೆಲವು ದಿನಗಳಲ್ಲಿ ತಗ್ಗಿತು. ಆದರೆ ಅದು ಕಚೇರಿಗಳಲ್ಲಿ ಎಬ್ಬಿಸಿದ ಜಗಳ ಇಂದಿಗೂ ಮುಗಿದಿಲ್ಲ. 'ಯಾರು ಒಡೆಯಿರಿ ಅಂದವರು?' ಎಂದು ಕಂಪ್ಯೂಟರ್ ವಿಭಾಗದವರು ಕೇಳಿದರು. 'ಬರದಂತೆ ತಡೆಯುವುದು ನಿಮ್ಮ ಕೆಲಸವಲ್ಲವೇ?' ಎಂದು ಉಳಿದವರು ಮರುಪ್ರಶ್ನೆ ಹಾಕಿದರು. ತಪ್ಪು ಯಾರದು ಎಂಬ ಈ ವ್ಯಾಜ್ಯಕ್ಕೆ ತನ್ನದೇ ಆದ ಇತಿಹಾಸವಿದೆ.

ಮೊದಲು ವೈರಸ್ಸಿನ ವಂಶಾವಳಿಯನ್ನು ನೋಡೋಣ. ಐಬಿಎಂ ಜಾತಿಯ ಪುಟ್ಟ ಕಂಪ್ಯೂಟರುಗಳನ್ನು ಕಾಡಿದ ಮೊದಲ ವೈರಸ್ ನಮ್ಮ ನೆರೆಯ ಲಾಹೋರಿನದು. 1986ರಲ್ಲಿ ಅಲ್ಲಿನ ಇಬ್ಬರು ಸೋದರರು ಬರೆದ 'ಬ್ರೇನ್' ಫ್ಲಾಪಿಯಿಂದ ಫ್ಲಾಪಿಗೆ ಹರಡುತ್ತಿತ್ತು. ಅದರ ಮರುವರ್ಷದ ಡಿಸೆಂಬರಿನಲ್ಲಿ ಜರ್ಮನಿಯ ವಿದ್ಯಾರ್ಥಿಯೊಬ್ಬ ಗೆಳೆಯರಿಗೆ ಶುಭಾಶಯ ಹೇಳಲು ಒಂದು ಸಣ್ಣ ಕ್ರಮವಿಧಿ ಬರೆದ. ತೆರೆದರೆ ಪರದೆಯ ಮೇಲೆ ಅಕ್ಷರಗಳಿಂದಾದ ಕ್ರಿಸ್‌ಮಸ್ ಮರ ಮೂಡುತ್ತಿತ್ತು. ಅದೇ ವೇಳೆಗೆ ಅದು ಓದುಗನ ವಿಳಾಸಪಟ್ಟಿ ಹುಡುಕಿ ಎಲ್ಲರಿಗೂ ತನ್ನ ಪ್ರತಿ ಕಳಿಸುತ್ತಿತ್ತು. ವಿಶ್ವವಿದ್ಯಾಲಯಗಳ ಜಾಲ ದಾಟಿ ಐಬಿಎಂ ಕಂಪನಿಯ ಒಳಜಾಲಕ್ಕೂ ನುಗ್ಗಿ ಅದನ್ನು ಉಸಿರುಗಟ್ಟಿಸಿತು. ಅಂಚೆಯ ಮೂಲಕ, ಪರಿಚಿತರ ಹೆಸರಿನಲ್ಲಿ, ಮನುಷ್ಯನ ಕೈಯಿಂದಲೇ ಬಾಗಿಲು ತೆರೆಸಿಕೊಂಡು ಹರಡುವ ವಿದ್ಯೆ ಅಂದೇ ಸಿದ್ಧಿಸಿತ್ತು.

ಮುಂದಿನ ವರ್ಷ, 1988ರ ನವೆಂಬರಿನಲ್ಲಿ, ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ 'ಹುಳು' ಆಗಿನ ಅಂತರಜಾಲದ ಸಾವಿರಾರು ಯಂತ್ರಗಳನ್ನು ನಿಲ್ಲಿಸಿತು. 1995ರಲ್ಲಿ ಬಂದ 'ಕಾನ್ಸೆಪ್ಟ್' ವರ್ಡ್ ಕಡತಗಳೊಳಗೆ ಅಡಗಿ ಕುಳಿತಿತು. 1999ರ ಮಾರ್ಚ್ 26ರಂದು ಕಾಣಿಸಿಕೊಂಡ 'ಮೆಲಿಸ್ಸಾ' ಈ ಎರಡು ವಿದ್ಯೆಗಳನ್ನೂ ಬೆಸೆಯಿತು. ವರ್ಡ್ ಕಡತದಲ್ಲಿ ಅಡಗಿ ಬಂದು, ಔಟ್‌ಲುಕ್ ವಿಳಾಸಪುಸ್ತಕದ ಮೊದಲ 50 ಮಂದಿಗೆ 'ಇಂಥವರಿಂದ ಮುಖ್ಯ ಸಂದೇಶ' ಎಂಬ ತಲೆಬರಹದೊಡನೆ ಹೋಗುತ್ತಿತ್ತು. ಅದನ್ನು ಬರೆದ ಡೇವಿಡ್ ಸ್ಮಿತ್‌ಗೆ 2002ರಲ್ಲಿ 20 ತಿಂಗಳ ಸೆರೆವಾಸವಾಯಿತು.

'ಪ್ರೇಮಪತ್ರ' ಬರೆದ ಓನೆಲ್ ಡಿ ಗುಸ್ಮಾನ್‌ಗೆ ಮಾತ್ರ ಯಾವ ಶಿಕ್ಷೆಯೂ ಆಗಲಿಲ್ಲ. ಫಿಲಿಪ್ಪೀನ್ಸಿನಲ್ಲಿ ಆಗ ಅಂಥ ಕೃತ್ಯವನ್ನು ಅಪರಾಧವೆನ್ನುವ ಕಾಯಿದೆಯೇ ಇರಲಿಲ್ಲ. ಮರುತಿಂಗಳು ಕಾಯಿದೆ ಬಂತು. ಆದರೆ ಹಿಂದಿನ ಕೃತ್ಯಕ್ಕೆ ಅದು ಅನ್ವಯಿಸಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯಿದೆಯೂ ಆ ವರ್ಷದ್ದೇ. ಆ ಮೇ ತಿಂಗಳಲ್ಲೇ ಸಂಸತ್ತು ಅದನ್ನು ಒಪ್ಪಿತು; ಜೂನ್ 9ರಂದು ರಾಷ್ಟ್ರಪತಿಯವರ ಅಂಕಿತ ಬಿತ್ತು; ಅಕ್ಟೋಬರ್ 17ರಿಂದ ಜಾರಿಗೆ ಬಂತು. 'ಕಂಪ್ಯೂಟರ್ ವೈರಸ್' ಎಂದರೇನು ಎಂಬ ವ್ಯಾಖ್ಯೆ ಅದರ 43ನೇ ಕಲಮಿನಲ್ಲಿದೆ. ಮರುವರ್ಷ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಪೊಲೀಸ್ ಠಾಣೆ ಆರಂಭವಾಯಿತು.

ಇನ್ನು ಜಗಳದ ಮಾತು. ಕಂಪ್ಯೂಟರ್ ನಡೆಸುವವರು ಮತ್ತು ಉಳಿದ ನೌಕರರ ನಡುವಿನ ಅಂತರ ವೈರಸ್ಸಿಗಿಂತ ಹಳೆಯದು. ಮೊದಲ ಕಾಲದ ಕಂಪ್ಯೂಟರುಗಳಿಗೆ ತಣ್ಣನೆಯ ಪ್ರತ್ಯೇಕ ಕೊಠಡಿ ಬೇಕಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿದ್ದ ಆ ಕೊಠಡಿ ಗರ್ಭಗುಡಿಯಂತಿತ್ತು. ಅಲ್ಲಿಗೆ ಪ್ರವೇಶವಿದ್ದವರು ಅರ್ಚಕರಂತಿದ್ದರು. ಹೊರಗಿನವರಿಗೆ ಭಕ್ತಿಗಿಂತ ಹೆಚ್ಚಾಗಿ ಇದ್ದದ್ದು ಭಯ, ಅದೂ ಕೆಲಸ ಹೋಗುವ ಭಯ. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳು ಹುಟ್ಟಿದ ಕರ್ನಾಟಕಕ್ಕೆ ಇದು ದೂರದ ಕಥೆಯಲ್ಲ. ಬ್ಯಾಂಕುಗಳಲ್ಲಿ ಕಂಪ್ಯೂಟರ್ ಎಷ್ಟು, ಎಲ್ಲಿ, ಯಾವ ಕೆಲಸಕ್ಕೆ ಎಂಬುದನ್ನು ನೌಕರ ಸಂಘಟನೆಗಳೊಡನೆ ಕುಳಿತು ತೀರ್ಮಾನಿಸಬೇಕಾಯಿತು. 1983ರ ಸೆಪ್ಟೆಂಬರ್ 8ರ ಒಪ್ಪಂದ ಅಂಥದ್ದು. ಯಂತ್ರದ ಮುಂದೆ ಕೂರುವವರಿಗೆ ವಿಶೇಷ ಭತ್ಯೆ ಬಂದಾಗ ಒಂದೇ ಶಾಖೆಯಲ್ಲಿ ಎರಡು ಬಗೆಯ ಗುಮಾಸ್ತರಾದರು.

ಅಂಚೆ ಬಂದ ಮೇಲೆ ಈ ಗೋಡೆ ಉರುಳಬೇಕಿತ್ತು. ನಮ್ಮಲ್ಲಿ ವಿದ್ಯುನ್ಮಾನ ಅಂಚೆ ಮೊದಲು ಬಳಕೆಯಾದದ್ದು ವಿದ್ವಾಂಸರ ನಡುವೆ. 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುದಾರನಾಗಿತ್ತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಅಂತರಜಾಲವನ್ನು ಜನರಿಗೆ ತೆರೆಯಿತು. ಬರಬರುತ್ತಾ ಅದು ಗುಮಾಸ್ತರ ಮೇಜಿಗೂ ಬಂದು ಕೂತಿತು. ಯಂತ್ರ ಎಲ್ಲರದಾಯಿತು, ಯಂತ್ರದ ಅರಿವು ಮಾತ್ರ ಕೆಲವರಲ್ಲೇ ಉಳಿಯಿತು. ವೈರಸ್ ಬೆಳೆದದ್ದು ಈ ನಡುವಿನ ಬಿರುಕಿನಲ್ಲಿ.

ಹಾಗಾದರೆ ಪತ್ರ ಒಡೆದವರು ದಡ್ಡರೇ? ಪತ್ರದ ರಚನೆಯನ್ನು ಗಮನಿಸಿದರೆ ಹಾಗೆನ್ನುವುದು ಕಷ್ಟ. ಕಡತದ ಹೆಸರಿನ ಕೊನೆಯಲ್ಲಿ ಎರಡು ಬಾಲಗಳಿದ್ದವು. ಮೊದಲನೆಯದು 'ಟಿಎಕ್ಸ್‌ಟಿ', ಅಂದರೆ ಬರಿಯ ಬರಹ ಎಂಬ ಸೂಚನೆ. ಎರಡನೆಯದು 'ವಿಬಿಎಸ್', ಅಂದರೆ ಇದು ಬರಹವಲ್ಲ, ಆಜ್ಞೆಗಳ ಕಟ್ಟು ಎಂಬ ಸೂಚನೆ. ವಿಂಡೋಸ್ ತಂತ್ರಾಂಶ ತನ್ನ ರೂಢಿಯಂತೆ ಕೊನೆಯ ಬಾಲವನ್ನು ಮರೆಮಾಡಿ ಮೊದಲನೆಯದನ್ನಷ್ಟೇ ತೋರಿಸಿತು. ಹಾವಿನ ಹೆಡೆ ಮುಚ್ಚಿ ಹಗ್ಗವೆಂದು ತೋರಿಸಿದ್ದು ಯಂತ್ರ. ನಂಬಿದವನನ್ನು ಮಾತ್ರ ಕಚೇರಿಯಲ್ಲಿ ಎಲ್ಲರೆದುರು ಬೈದರು.

ಕುತೂಹಲದ ಸಂಗತಿಯೆಂದರೆ, ಇದಕ್ಕೆ ಕೆಲವೇ ತಿಂಗಳ ಹಿಂದೆ, 1999ರಲ್ಲಿ, ಲಂಡನ್ನಿನ ಆನ್ ಆಡಮ್ಸ್ ಮತ್ತು ಆಂಜೆಲಾ ಸಾಸೆ ಎಂಬ ಇಬ್ಬರು ಸಂಶೋಧಕಿಯರು 'ಬಳಕೆದಾರರು ಶತ್ರುಗಳಲ್ಲ' ಎಂಬ ಅರ್ಥದ ಶೀರ್ಷಿಕೆಯ ಲೇಖನ ಪ್ರಕಟಿಸಿದ್ದರು. ಅವರು ಪರಿಶೀಲಿಸಿದ್ದು ಗುಪ್ತಪದಗಳ ವಿಚಾರ. ನೆನಪಿಡಲಾಗದಷ್ಟು ಗುಪ್ತಪದಗಳನ್ನು ಹೇರಿದಾಗ ನೌಕರರು ಅವನ್ನು ಚೀಟಿಯಲ್ಲಿ ಬರೆದಿಡುತ್ತಾರೆ. ಭದ್ರತಾ ವಿಭಾಗ ಇದನ್ನು ಬೇಜವಾಬ್ದಾರಿ ಎನ್ನುತ್ತದೆ. ನಿಜವಾದ ಕಾರಣವೆಂದರೆ, ನಿಯಮ ಮಾಡಿದವರು ನೌಕರರ ಕೆಲಸ ಹೇಗೆ ನಡೆಯುತ್ತದೆಂದು ಕೇಳಿಲ್ಲ, ಅಪಾಯ ಏನೆಂದು ಅವರಿಗೆ ತಿಳಿಸಿಯೂ ಇಲ್ಲ. ತಿಳಿಸದೆ ವಿಧಿಸಿದ ನಿಯಮವನ್ನು ಜನ ಸುತ್ತುಹಾಕಿ ದಾಟುತ್ತಾರೆ ಎಂಬುದು ಅವರ ನಿರ್ಣಯ.

ತಯಾರಕರೂ ಇದನ್ನು ನಿಧಾನವಾಗಿ ಒಪ್ಪಿದರು. ಪ್ರೇಮಪತ್ರದ ಪಾಠದ ನಂತರ ಮೈಕ್ರೋಸಾಫ್ಟ್ ಅಪಾಯದ ಲಗತ್ತುಗಳನ್ನು ತಡೆಯುವ ತಿದ್ದುಪಡಿಯನ್ನು ಔಟ್‌ಲುಕ್‌ಗೆ ಕೂಡಿಸಿತು. ಅಂತರಜಾಲದಿಂದ ಬಂದ ಕಡತಗಳಲ್ಲಿನ ಮ್ಯಾಕ್ರೋಗಳನ್ನು, ಅಂದರೆ ಮೆಲಿಸ್ಸಾ ಅಡಗಿದ್ದ ಜಾಗವನ್ನು, ಮೊದಲೇ ಮುಚ್ಚಿಡುವ ಕ್ರಮ ಬಂದದ್ದು 2022ರಲ್ಲಿ. ಮೆಲಿಸ್ಸಾ ಬಂದು ಹೋಗಿ ಆಗ 23 ವರ್ಷಗಳಾಗಿದ್ದವು. ಅಷ್ಟೂ ಕಾಲ 'ಎಚ್ಚರ, ಒಡೆಯಬೇಡಿ' ಎಂಬ ಉಪದೇಶವೇ ಕಚೇರಿಗಳ ಮುಖ್ಯ ಕಾವಲಾಗಿತ್ತು.

ಇದೆಲ್ಲ ನಗರದ ಗಾಜಿನ ಕಟ್ಟಡಗಳ ಸಮಾಚಾರ, ನಮಗೇನು ಎಂದು ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ರೈತರು ಕೇಳಬಹುದು. ಅವರಿಗೂ ಸಂಬಂಧವಿದೆ. ಅವರ ಹೊಲದ ಪಹಣಿ ಇರುವುದು ಕಂಪ್ಯೂಟರಿನಲ್ಲಿ. ಒಂದು ಕಾಲಕ್ಕೆ ಅದು ಶಾನುಭೋಗರ ಕಡತದಲ್ಲಿತ್ತು. ವಂಶಪಾರಂಪರ್ಯದ ಶಾನುಭೋಗಿಕೆ 1963ರಲ್ಲಿ ರದ್ದಾದ ಮೇಲೆ ಗ್ರಾಮಲೆಕ್ಕಿಗರ ಕೈಬರಹಕ್ಕೆ ಬಂತು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. 67 ಲಕ್ಷ ರೈತರ ಲೆಕ್ಕವದು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಸಿಗುವಂತಾಯಿತು. ಕೈಬರಹದ ಪಹಣಿಗೆ ಬೆಲೆಯಿಲ್ಲದಾಯಿತು. ದಾಖಲೆ ತಿದ್ದುವ ಪ್ರತಿ ನೌಕರ ಬೆರಳಚ್ಚು ಒತ್ತಿಯೇ ಯಂತ್ರ ತೆರೆಯಬೇಕಿತ್ತು. ಮಾಡಿದ್ದು ಯಾರೆಂದು ಜಾಡು ಉಳಿಯಲಿ ಎಂಬುದು ಉದ್ದೇಶ.

ರೈತರಿಗೆ ಇದು ದೊಡ್ಡ ಉಪಕಾರ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕಚೇರಿಯೊಳಗೆ ಅದೇ ಹಳೆಯ ವ್ಯಾಜ್ಯ ಹೊಸ ವೇಷದಲ್ಲಿ ಬಂತು. ಹಳೆಯ ಕಡತ ನೋಡಿ ಅಕ್ಷರ ಕುಟ್ಟಿದವರು ಖಾಸಗಿ ಸಂಸ್ಥೆಗಳ ಹುಡುಗರು. ತಾಳೆ ನೋಡಬೇಕಾದವರು ಗ್ರಾಮಲೆಕ್ಕಿಗರು. ಹೆಸರೊಂದು ತಪ್ಪಾದರೆ ಅದು ಕಡತದ ತಪ್ಪೋ, ಕುಟ್ಟಿದವರ ತಪ್ಪೋ, ತಾಳೆ ನೋಡದವರ ತಪ್ಪೋ? 'ಕಂಪ್ಯೂಟರಿನಲ್ಲಿ ಹಾಗೇ ಇದೆ' ಎಂಬ ಉತ್ತರ ಕಿಂಡಿಯಲ್ಲಿ ಹುಟ್ಟಿಕೊಂಡಿತು. ಅದರ ತಮ್ಮನೇ 'ಸರ್ವರ್ ಇಲ್ಲ' ಎಂಬ ಮಾತು. ಮದಗದ ಕೆರೆಯ ಕಡೆಯಿಂದ ಬಸ್ಸು ಹಿಡಿದು ಕಡೂರಿಗೆ ಬಂದವರಿಗೆ ಈ ಎರಡು ಮಾತುಗಳ ಹಿಂದೆ ಯಾರಿದ್ದಾರೆ ಎಂಬುದು ಕಾಣುವುದಿಲ್ಲ.

ನೌಕರರ ಕಡೆಯ ಅಳಲೂ ಸುಳ್ಳಲ್ಲ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು, ಅಂದರೆ ಹಿಂದಿನ ಗ್ರಾಮಲೆಕ್ಕಿಗರು, ಮುಷ್ಕರ ಹೂಡಿದರು. ಅವರ ದೂರುಗಳಲ್ಲಿ ಮುಖ್ಯವಾದದ್ದು ಒಂದರ ಮೇಲೊಂದರಂತೆ ಬರುತ್ತಿದ್ದ ಆ್ಯಪ್‌ಗಳ ಹೊರೆ. ಅವನ್ನು ನಡೆಸಲು ಬೇಕಾದ ಸಲಕರಣೆ, ಸೌಲಭ್ಯ ಕೊಡದೆ ಕೆಲಸ ಮಾತ್ರ ಕೇಳುತ್ತಾರೆ ಎಂಬುದು ಅವರ ಆಕ್ಷೇಪ. ಲಂಡನ್ನಿನ ಆ ಇಬ್ಬರು ಸಂಶೋಧಕಿಯರು ಕಾಲು ಶತಮಾನದ ಹಿಂದೆ ಹೇಳಿದ್ದಕ್ಕೆ ಇದು ಕನ್ನಡದ ಭಾಷ್ಯದಂತಿದೆ. ಬಳಸುವವರನ್ನು ಕೇಳದೆ ಕಟ್ಟಿದ ವ್ಯವಸ್ಥೆ ಬಳಸುವವರ ಮೇಲೆಯೇ ಬೀಳುತ್ತದೆ.

ಹಾಗೆಂದು ಕಂಪ್ಯೂಟರ್ ಬಲ್ಲವರು ಮೋಸಹೋಗುವುದಿಲ್ಲವೆಂದಲ್ಲ. 2019ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವಿಪ್ರೊ ಕಂಪನಿ ತನ್ನ ಕೆಲವು ನೌಕರರ ಖಾತೆಗಳಲ್ಲಿ ಮೋಸದ ಅಂಚೆಯ ಕಾರಣದಿಂದ ಅಸಹಜ ಚಟುವಟಿಕೆ ಕಂಡುಬಂದಿರುವುದಾಗಿ ಒಪ್ಪಿಕೊಂಡಿತು. ಜಗತ್ತಿನ ಕಂಪನಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಸಂಸ್ಥೆಯದು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಎಂದು ನಗಬೇಕಾದ ಪ್ರಸಂಗ ಇದಲ್ಲ. ಪರಿಚಿತರ ಹೆಸರಿನಲ್ಲಿ, ಅವಸರದ ಹೊತ್ತಿನಲ್ಲಿ ಬಂದ ಅಂಚೆಗೆ ಯಾರೂ ಬಲಿಯಾಗಬಹುದು ಎಂಬುದಷ್ಟೇ ಅದರ ಅರ್ಥ.

ಇಂದಿನ ಅಂಚೆ ವೈರಸ್ಸುಗಳು ಪ್ರೇಮದ ಮಾತಾಡುವುದಿಲ್ಲ. ಬಿಲ್ಲು, ಆದಾಯ ತೆರಿಗೆಯ ನೋಟಿಸು, ಮೇಲಧಿಕಾರಿಯ ತುರ್ತು ಆದೇಶದ ರೂಪದಲ್ಲಿ ಬರುತ್ತವೆ. ಒಳಹೊಕ್ಕು ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಜಾತಿಯವೂ ಇವೆ. ಇಂಥ ಹೊತ್ತಿನಲ್ಲಿ ಮೊದಲ ಕೆಲವು ನಿಮಿಷಗಳೇ ನಿರ್ಣಾಯಕ. ತಪ್ಪಿ ಒಡೆದ ಗುಮಾಸ್ತ ಕೂಡಲೇ ಎದ್ದುಹೋಗಿ 'ಸ್ವಾಮಿ, ಹೀಗಾಯಿತು' ಎಂದರೆ ಆ ಒಂದು ಯಂತ್ರವನ್ನು ಜಾಲದಿಂದ ಬಿಡಿಸಿ ಉಳಿದವನ್ನು ಉಳಿಸಿಕೊಳ್ಳಬಹುದು. ಬೈಗುಳಕ್ಕೆ, ಮೆಮೊಗೆ ಹೆದರಿ ಸುಮ್ಮನಿದ್ದರೆ ಮಧ್ಯಾಹ್ನದೊಳಗೆ ಕಚೇರಿ ಪೂರ್ತಿ ಹೋಗುತ್ತದೆ. ಅಂದಮೇಲೆ ಕಂಪ್ಯೂಟರ್ ವಿಭಾಗದವರ ಸಿಟ್ಟು ಬರಿಯ ಸ್ವಭಾವದ ದೋಷವಲ್ಲ, ಅದೂ ಒಂದು ಭದ್ರತಾ ಲೋಪ.

ದೊಡ್ಡಿಯಿಂದ ದನ ಹೊರಬಿದ್ದಾಗ ಹಳ್ಳಿಯವರು ಮೊದಲು ದನ ಅಟ್ಟಿಕೊಂಡು ಬರುತ್ತಾರೆ. ಆಮೇಲೆ ಅಗುಳಿ ಸಡಿಲವಾಗಿತ್ತೇ ಎಂದು ನೋಡುತ್ತಾರೆ. ಅಗುಳಿ ಹಾಕಲು ಮರೆತ ಹುಡುಗನಿಗೆ ಒಂದು ಮಾತು ಬೀಳಬಹುದು. ಆದರೆ ಅಗುಳಿ ಸರಿಮಾಡದೆ ಹುಡುಗನನ್ನಷ್ಟೇ ಬೈಯುತ್ತಿದ್ದರೆ ನಾಳೆ ದನ ಮತ್ತೆ ಹೊರಗೇ. ಕಚೇರಿಗಳು ಈ ವಿವೇಕ ಕಲಿಯಲು ಪ್ರೇಮಪತ್ರ ಬಂದಂದಿನಿಂದ ಕಾಲು ಶತಮಾನ ತೆಗೆದುಕೊಂಡಿವೆ, ಇನ್ನೂ ಪೂರ್ತಿ ಕಲಿತಿಲ್ಲ. ಅವುಗಳ ಕಂಪ್ಯೂಟರಿನಲ್ಲಿ ಯಾರದೋ ಸಂಬಳ, ಯಾರದೋ ಪಿಂಚಣಿ, ಎಮ್ಮೆದೊಡ್ಡಿಯ ಯಾರದೋ ಹೊಲ ಕುಳಿತಿರುವಾಗ ಈ ತಡ ಸಣ್ಣದಲ್ಲ.