ಮೇಣದಬತ್ತಿ, ಗಾಜಿನ ಲೋಟ ಮತ್ತು ಸ್ಯಾಂಡಲ್ ಸೋಪು: ಒಂದು ಕ್ರಿಸ್‌ಮಸ್ ಚರಿತ್ರೆ

ಡಿಸೆಂಬರ್ ಕೊನೇ ವಾರ. ಬಸವೇಶ್ವರನಗರದ ನಮ್ಮ ಬೀದೀಲಿ ಮೂರು ಮನೆ ಬಾಲ್ಕನಿಯಲ್ಲಿ ಕಾಗದದ ನಕ್ಷತ್ರ ತೂಗಾಡ್ತಿದೆ. ಅದರಲ್ಲಿ ಕ್ರೈಸ್ತರ ಮನೆ ಒಂದೇ, ಉಳಿದೆರಡು ಮಕ್ಕಳ ಹಟಕ್ಕೆ ಕಟ್ಟಿದ್ದು. ಅಯ್ಯಂಗಾರ್ ಬೇಕರಿಯ ಗಾಜಿನ ಕಪಾಟಿಗೂ ಪ್ಲಮ್ ಕೇಕ್ ಬಂದಾಯ್ತು. ಮಕ್ಕಳಿಗೆ ರಜ. ಮೊಬೈಲ್ ಕಿತ್ತುಕೊಂಡ್ರೆ ಕೈಗೆ ಇನ್ನೇನು ಕೊಡೋದು ಅನ್ನೋದು ನಮ್ಮಂಥವರ ಪ್ರಶ್ನೆ. ಅಂಗಡಿಯಲ್ಲಿ ‘ಸೈನ್ಸ್ ಕಿಟ್’ ಅಂತ ಬಣ್ಣದ ಡಬ್ಬ ಸಿಗುತ್ತೆ. ನಾನೂ ಒಂದು ತಂದಿದ್ದೆ. ಒಂದು ಮಧ್ಯಾಹ್ನಕ್ಕೆ ಮುಗಿದುಹೋಯ್ತು.

ಕ್ರಿಸ್‌ಮಸ್ ರಜದಲ್ಲಿ ಮಕ್ಕಳಿಗೆ ವಿಜ್ಞಾನ ತೋರಿಸೋದು ಇವತ್ತಿನ ಐಡಿಯಾ ಅಲ್ಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅದು 1825ರಲ್ಲೇ ಶುರುವಾಯಿತು. ಎರಡನೇ ಮಹಾಯುದ್ಧದ ನಾಲ್ಕು ವರ್ಷ ಬಿಟ್ಟರೆ ಇಂದಿಗೂ ನಿಂತಿಲ್ಲ. ಅದಕ್ಕೆ ಹೆಸರು ತಂದುಕೊಟ್ಟವನು ಮೈಕೆಲ್ ಫ್ಯಾರಡೆ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ. 1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಹಂಫ್ರಿ ಡೇವಿಯ ಉಪನ್ಯಾಸಕ್ಕೆ ಟಿಕೆಟ್ ಕೊಟ್ಟರು. ಕೇಳಿದ್ದನ್ನೆಲ್ಲ ಬರೆದುಕೊಂಡು, ತಾನೇ ರಟ್ಟು ಹಾಕಿ ಡೇವಿಗೆ ಕಳಿಸಿದ. ಮರುವರ್ಷ ಅಲ್ಲೇ ಕೆಲಸ ಸಿಕ್ಕಿತು. ವಿಜ್ಞಾನದ ಬಾಗಿಲು ಒಂದು ಟಿಕೆಟ್ಟಿನ ಅಂತರದಲ್ಲಿತ್ತು ಅನ್ನೋದನ್ನ ಆತ ಮರೆಯಲಿಲ್ಲ ಅಂತ ನನಗನಿಸುತ್ತೆ. 1827ರಿಂದ 1860ರವರೆಗೆ ಹತ್ತೊಂಬತ್ತು ಸಲ ಕ್ರಿಸ್‌ಮಸ್ ಉಪನ್ಯಾಸ ಮಾಲೆ ನಡೆಸಿಕೊಟ್ಟವನು ಅವನೇ.

ಅದರಲ್ಲಿ ಎರಡು ಸಲ, 1848 ಮತ್ತು 1860ರಲ್ಲಿ, ಅವನು ಆರಿಸಿಕೊಂಡದ್ದು ಬರೀ ಮೇಣದಬತ್ತಿ. ಒಂದು ಬತ್ತಿಯ ಮೇಲೆ ಆರು ಉಪನ್ಯಾಸ! ಆ ಮಾತುಗಳು 1861ರಲ್ಲಿ ಪುಸ್ತಕವಾದವು.

ಅದರಲ್ಲೊಂದು ನಮ್ಮ ಮನೇಲೂ ಮಾಡಿದ್ವಿ. ದೊಡ್ಡವರು ಪಕ್ಕದಲ್ಲೇ ಇರಬೇಕು, ಅದು ಮೊದಲ ಮಾತು. ಮೇಣದಬತ್ತಿಯನ್ನ ಊದಿ ಆರಿಸಿದ ತಕ್ಷಣ ಬಿಳಿ ಹೊಗೆ ಏಳುತ್ತಲ್ಲ, ಆ ಹೊಗೆಗೆ ಬತ್ತಿಯಿಂದ ಒಂದಿಂಚು ಮೇಲೆ ಉರಿಯುವ ಕಡ್ಡಿ ಹಿಡಿಯಿರಿ. ಬೆಂಕಿ ಹೊಗೆಯ ದಾರಿಯಲ್ಲೇ ಇಳಿದು ಬತ್ತಿಗೆ ಹತ್ತಿಕೊಳ್ಳುತ್ತೆ. ಯಾಕಂದ್ರೆ ಆ ಹೊಗೆ ಮೇಣದ ಆವಿ. ಉರಿಯೋದು ಆವಿ, ಬತ್ತಿ ಬರೀ ಮೇಣವನ್ನ ಮೇಲಕ್ಕೆ ಎಳೆಯುವ ಏಣಿ. ದೇವರ ಮನೆಯ ಹೂಬತ್ತಿ ಎಣ್ಣೆ ಎಳೆಯೋದೂ ಹಾಗೇ. ನಮ್ಮತ್ತೆಗೆ ಮಾತ್ರ ಇದು ಹಿಡಿಸಲಿಲ್ಲ. ದೀಪವನ್ನ ಬಾಯಿಂದ ಊದಿ ಆರಿಸಬಾರದು ಅಂತ ಅವರ ವಾದ. “ಇದು ದೀಪ ಅಲ್ಲ ಅಜ್ಜಿ, ಕ್ಯಾಂಡಲ್” ಅಂತ ಮಗಳು ತೀರ್ಪು ಕೊಟ್ಟಳು.

ಈಗ ನನ್ನ ಅವಮಾನದ ಕಥೆ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತೆ, ನೀರು ಲೋಟದೊಳಗೆ ಏರುತ್ತೆ. ಯಾಕೆ? ನಾನು ಶಾಲೆಯಲ್ಲಿ ಬರೆದ ಉತ್ತರ: ‘ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ, ಅದು ಉರಿದು ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು.’ ಪೂರ್ತಿ ಅಂಕ ಸಿಕ್ಕಿತ್ತು. ಅದನ್ನೇ ಮಗಳಿಗೂ ಹೇಳಿದೆ. ಎರಡನೇ ಸಲ ಮಾಡುವಾಗ ಅವಳು ಮೂಗನ್ನ ತಟ್ಟೆಗೆ ತಾಗಿಸಿ ನೋಡ್ತಿದ್ದವಳು ಕೇಳಿದಳು: “ಅಮ್ಮ, ಬೆಂಕಿ ಉರೀತಿರೋವಾಗ ನೀರು ಸುಮ್ನೇ ಇತ್ತಲ್ಲ. ಆರಿದ ಮೇಲೆ ಯಾಕೆ ಏರ್ತು?”

ನನ್ನ ಹತ್ರ ಉತ್ತರ ಇರಲಿಲ್ಲ. ಆಮ್ಲಜನಕ ಖರ್ಚಾಗೋದಕ್ಕೆ ನೀರು ಏರೋದಾದ್ರೆ ಬೆಂಕಿ ಉರಿಯುವಷ್ಟು ಹೊತ್ತೂ ಏರಬೇಕಿತ್ತು. ಬತ್ತಿ ಒಂದಿದ್ದದ್ದು ಮೂರು ಮಾಡಿದ್ವಿ. ಲೋಟ ಅದೇ, ಒಳಗಿರೋ ಆಮ್ಲಜನಕ ಹೆಚ್ಚಾಗಲಿಲ್ಲ, ಆದ್ರೆ ನೀರು ಇನ್ನೂ ಮೇಲಕ್ಕೆ ಹೋಯ್ತು. ಕಾರಣ ಮುಖ್ಯವಾಗಿ ಬಿಸಿ. ಲೋಟ ಮುಚ್ಚುವಾಗ ಒಳಗೆ ಸೇರಿಕೊಳ್ಳೋದು ಕಾದು ಹಿಗ್ಗಿದ ಗಾಳಿ. ಕೆಲವು ಸಲ ಅಂಚಿನಿಂದ ಗುಳ್ಳೆ ಗುಳ್ಳೆಯಾಗಿ ಹೊರಗೂ ಹೋಗುತ್ತೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತೆ, ಹೊರಗಿನ ಗಾಳಿ ನೀರನ್ನ ಒಳಗೆ ಒತ್ತುತ್ತೆ. ಲೋಟದ ಒಳಮೈಗೆ ಮಂಜು ಕಟ್ಟಿದ್ದನ್ನೂ ನೋಡಿ. ಮೇಣ ಉರಿದಾಗ ಹುಟ್ಟಿದ ನೀರಾವಿ ಅದು. ಬೆಂಕಿಯಿಂದ ನೀರು ಬರುತ್ತೆ ಅಂತ ಫ್ಯಾರಡೆ ತೋರಿಸಿದ್ದೂ ಇದನ್ನೇ. ಆಮ್ಲಜನಕ ಪೂರ್ತಿ ಮುಗಿಯೋದೂ ಇಲ್ಲ. ಸಾಕಷ್ಟು ಉಳಿದಿರುವಾಗಲೇ ಬತ್ತಿ ಆರುತ್ತೆ, ಖರ್ಚಾದ ಜಾಗಕ್ಕೆ ಇಂಗಾಲದ ಡೈಆಕ್ಸೈಡ್ ಬೇರೆ ಬಂದಿರುತ್ತೆ.

ಬೈಜಾಂಟಿಯಮ್ಮಿನ ಫಿಲೋ ಅನ್ನೋ ಗ್ರೀಕ್ ತಂತ್ರಜ್ಞ ಈ ಪ್ರಯೋಗವನ್ನ ಬರೆದಿಟ್ಟು ಎರಡು ಸಾವಿರ ವರ್ಷದ ಮೇಲಾಯ್ತು. ಅವನ ವಿವರಣೆಯೂ ತಪ್ಪೇ. ಪ್ರಯೋಗ ಉಳಿಯಿತು, ತಪ್ಪೂ ಬೇರೆ ಬೇರೆ ವೇಷದಲ್ಲಿ ಉಳಿಯಿತು. “ಹಾಗಾದ್ರೆ ಪರೀಕ್ಷೇಲಿ ಯಾವ ಉತ್ತರ ಬರೀಲಿ?” ಅಂತ ಮಗಳು ಕೇಳಿದಳು. ನೋಡಿದ್ದನ್ನೇ ಬರಿ ಅಂದೆ. ಅಂಕ ಹೋದ್ರೆ ಅಂತ ಒಳಗೊಳಗೇ ಅಳುಕೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮೇಣದಬತ್ತಿಯ ಇನ್ನೊಂದು ಕವಲು ನಮ್ಮ ಏರಿಯಾಕ್ಕೇ ಬರುತ್ತೆ. ಕೊಬ್ಬನ್ನ ಕ್ಷಾರದ ಜೊತೆ ಕಾಯಿಸಿದ್ರೆ ಸೋಪು, ಜೊತೆಗೆ ಗ್ಲಿಸರಿನ್. ಅದೇ ಕೊಬ್ಬಿನಿಂದ ಗಟ್ಟಿಯಾದ ಸ್ಟಿಯರಿನ್ ತೆಗೆದ್ರೆ ಒಳ್ಳೆ ಮೇಣದಬತ್ತಿ. ಫ್ರಾನ್ಸಿನ ಶೆವ್ರಲ್ 1820ರ ದಶಕದಲ್ಲಿ ಬಿಡಿಸಿಟ್ಟ ಗುಟ್ಟು ಇದು. ಹಾಗಾಗಿ ಮೇಣದಬತ್ತಿಯ ನಂತರ ಸೋಪಿಗೂ ಸರದಿ ಬಂತು. 1889ರ ಡಿಸೆಂಬರ್ 30ರಿಂದ ಹೊಸವರ್ಷದ ಮೊದಲ ದಿನಗಳವರೆಗೆ ಲಂಡನ್ನಿನ ಇನ್ನೊಂದು ಸಂಸ್ಥೆಯಲ್ಲಿ ಸಿ.ವಿ. ಬಾಯ್ಸ್ ಮಕ್ಕಳಿಗೆ ಬರೀ ಸೋಪಿನ ಗುಳ್ಳೆ ತೋರಿಸಿ ಮೂರು ಉಪನ್ಯಾಸ ಕೊಟ್ಟರು.

ಸೋಪು ಅಂದಮೇಲೆ ರಾಜಾಜಿನಗರ ಬಿಡೋಕಾಗುತ್ತಾ? ಹಸಿರು ಮಾರ್ಗದ ಮೆಟ್ರೋದಲ್ಲಿ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ಅಂತ ನಿಲ್ದಾಣವೇ ಇದೆ. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಗಂಧದ ಮರ ಯುರೋಪಿಗೆ ಹೋಗದೆ ರಾಶಿ ಬಿತ್ತು. ಎಣ್ಣೆಯನ್ನ ಇಲ್ಲೇ ತೆಗೆಯಬೇಕಾಯ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರು ದಿವಾನರು. ರಸಾಯನಶಾಸ್ತ್ರಜ್ಞ ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದರು. ಮುಂದೆ ಜನ ಅವರನ್ನ ‘ಸೋಪ್ ಶಾಸ್ತ್ರಿ’ ಅಂತಲೇ ಕರೆದರು. ಊರೊಳಗಿದ್ದ ಸರ್ಕಾರಿ ಕಾರ್ಖಾನೆ 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂತು.

ಆ ಸೋಪಿನ ಬಿಲ್ಲೆಯನ್ನ ತುರಿಯುವ ಮಣೆಯಲ್ಲಿ ಸ್ವಲ್ಪ ತುರಿದು, ಆರ್‌ಒ ನೀರಲ್ಲಿ ಕದಡಿ, ಮೆಡಿಕಲ್ ಶಾಪಿನ ಗ್ಲಿಸರಿನ್ ಒಂದು ಚಮಚ ಹಾಕಿ. ಒಂದು ಬಳೆ ಅದ್ದಿ ನೆಟ್ಟಗೆ ಹಿಡಿಯಿರಿ. ಬಳೆಯೊಳಗಿನ ಪೊರೆಯಲ್ಲಿ ಹಸಿರು, ಗುಲಾಬಿ, ಹೊಂಬಣ್ಣದ ಪಟ್ಟೆಗಳು ಕೆಳಕ್ಕೆ ಜಾರ್ತಾ ಹೋಗುತ್ತವೆ. ಮೇಲ್ತುದಿ ತೆಳುವಾಗ್ತಾ ಆಗ್ತಾ ಕಪ್ಪಗಾಗುತ್ತೆ. ಕಪ್ಪಾಯ್ತು ಅಂದ್ರೆ ಇನ್ನೇನು ಒಡೆಯುತ್ತೆ ಅಂತ ಲೆಕ್ಕ.

ಆರ್‌ಒ ನೀರೇ ಯಾಕೆ? ಅದಕ್ಕೂ ಒಂದು ಪ್ರಯೋಗ ಇದೆ. ವಿಜಯನಗರ, ಬಸವೇಶ್ವರನಗರದ ಎಷ್ಟೋ ಮನೆಗಳಲ್ಲಿ ಎರಡು ನೀರು: ಕಾವೇರಿ ಮತ್ತು ಬೋರ್‌ವೆಲ್. ಮೊದಲು ಈ ಕಡೆಗೆ ತಿಪ್ಪಗೊಂಡನಹಳ್ಳಿ ನೀರು, 1974ರಿಂದ ಊರಿಗೆ ಕಾವೇರಿ. ಅದು ಬರದ ದಿನಕ್ಕೆ ಬೋರ್. ಒಂದೇ ಥರದ ಎರಡು ಬಾಟಲಿಯಲ್ಲಿ ಎರಡೂ ನೀರು ಹಾಕಿ, ಒಂದೊಂದು ಚಿಟಿಕೆ ಸೋಪಿನ ತುರಿ ಬೆರೆಸಿ ಕುಲುಕಿ. ಶಾಂಪೂ ಬೇಡ, ಅದರಲ್ಲಿ ಗೊತ್ತಾಗಲ್ಲ. ನೀರನ್ನ ಹೀಗೆ ಸೋಪಿನಿಂದ ಅಳೆಯೋದನ್ನ ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ 1841ರ ಸುಮಾರಿಗೇ ಹೇಳಿಕೊಟ್ಟಿದ್ದ.

ನಮ್ಮ ಮನೆಯಲ್ಲಿ ಕಾವೇರಿ ಬಾಟಲಿ ಕತ್ತಿನವರೆಗೆ ನೊರೆಯಾಯ್ತು. ಬೋರ್ ನೀರು ಒಡೆದ ಹಾಲಿನ ಹಾಗೆ ಆಯ್ತು. ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನ ಹಿಡಿದು ಗಸಿ ಮಾಡಿಬಿಡುತ್ತೆ. ಅಷ್ಟು ಹೊತ್ತು ಸುಮ್ಮನೆ ನೋಡ್ತಿದ್ದ ಅತ್ತೆ, ಒಳಗಿಂದ ನಾಲ್ಕು ಅಂಟುವಾಳದ ಕಾಯಿ ತಂದು, ಜಜ್ಜಿ, ಮೂರನೇ ಬಾಟಲಿಗೆ ಅದೇ ಬೋರ್ ನೀರು ಹಾಕಿ ಕುಲುಕಿದರು. ನೊರೆ ಬಂತು. ಅಂಟುವಾಳದ ಸ್ಯಾಪೋನಿನ್‌ಗೆ ಗಡಸು ನೀರಿನ ಹಂಗಿಲ್ಲ. ಕೆಂಗೇರಿಯ ಬಾವಿ ನೀರಲ್ಲಿ ಐದು ಜನ ಮಕ್ಕಳ ತಲೆ ತಿಕ್ಕಿದವರು ಅವರು. “ಇದೂ ಬರ್ಕೊಳ್ಳೆ” ಅಂತ ಮೊಮ್ಮಗಳಿಗೆ ಹೇಳಿ ಅಡುಗೆಮನೆಗೆ ಹೋದರು.